ಮೋಲ್ಡಿಗೆ ಮೆಶ್ ಹಾಸೋದಾ, ಕಂಬಿ ಕಟ್ಟಿಸೋದಾ?

ನಮ್ಮ ಸೈಟು ದಾವಣಗೆರೆಯ ಶಾಮನೂರು ರಸ್ತೆಯಿಂದ ಸ್ವಲ್ಪ ಒಳಗೆ, ಮೂವತ್ತು ನಲವತ್ತರದ್ದು. ಕೆಳಗೆ ಪಾರ್ಕಿಂಗ್, ಒಂದು ಸಣ್ಣ ಬಾಡಿಗೆ ಮನೆ. ಮೇಲೆ ನಾವು. ಪಿಲ್ಲರ್ ಎದ್ದು, ಬೀಮಿಗೆ ಸೆಂಟ್ರಿಂಗ್ ಬಡಿಯುತ್ತಿದ್ದಾಗ ಮೇಸ್ತ್ರಿ ಒಂದು ಮಾತು ಬಿಟ್ಟರು.

"ಸಾರ್, ಈಗ ರೆಡಿ ಜಾಲರಿ ಬಂದೈತಿ ನೋಡ್ರಿ. ಮೋಲ್ಡಿಗೆ ಅದನ್ನೇ ಹಾಸಿಬಿಡೋಣ. ಕಂಬಿ ಕಟ್ಟೋರ ಕೂಲಿ ಉಳಿತೈತಿ, ಕೆಲಸಾನೂ ಬೇಗ ಆಗ್ತೈತಿ."

ಮೋಲ್ಡ್ ಅಂದರೆ ಛಾವಣಿಗೆ ಹಾಕುವ ಕಾಂಕ್ರೀಟ್ ಸ್ಲ್ಯಾಬು. ಅದಕ್ಕೆ ಅವರು ಹೇಳಿದ್ದು ವೆಲ್ಡೆಡ್ ಮೆಶ್. ಉಕ್ಕಿನ ತಂತಿಯನ್ನು ಉದ್ದಕ್ಕೂ ಅಡ್ಡಕ್ಕೂ ಇಟ್ಟು, ಸೇರುವ ಕಡೆಯಲ್ಲೆಲ್ಲ ಮಷಿನ್ನಿನಲ್ಲಿ ಬೆಸೆದ ಜಾಲರಿ. ಕಾಂಕ್ರೀಟ್ ರಸ್ತೆ, ಗೋಡೌನ್ ನೆಲ, ಪೆಟ್ರೋಲ್ ಬಂಕಿನ ಅಂಗಳಕ್ಕೆ ಹಾಸುವುದನ್ನು ನೋಡಿರುತ್ತೀರಿ. ಚೌಕ ಒಂದೇ ಅಳತೆಗೆ ಇರುತ್ತೆ. ಕಂಬಿ ಕಟ್ಟೋರು ಮಾತಾಡುತ್ತಾ ಒಂದು ಕಡೆ 6 ಇಂಚು, ಇನ್ನೊಂದು ಕಡೆ 8 ಇಂಚು ಬಿಡೋ ತಾಪತ್ರಯ ಇಲ್ಲ. ನೋಡೋಕೂ ಅಚ್ಚುಕಟ್ಟು. ಏಪ್ರಿಲ್ ತಿಂಗಳು ಬೇರೆ. ಮಳೆ ಹಿಡಿಯುವ ಮೊದಲು ಮೋಲ್ಡ್ ಮುಗಿಸಬೇಕು ಅಂತ ಊರಲ್ಲಿ ಎಲ್ಲರೂ ಒಟ್ಟಿಗೆ ಹೊರಟಿರುತ್ತಾರೆ, ಕಂಬಿ ಕಟ್ಟೋರು ಫೋನ್ ಎತ್ತೋದೇ ಕಷ್ಟ. ನನಗೆ ಮೇಸ್ತ್ರಿ ಮಾತು ಹಿಡಿಸಿತು.

ನಮ್ಮ ಇಂಜಿನಿಯರ್ ಮೇಡಂಗೆ ಫೋನ್ ಮಾಡಿದೆ. ಅವರು ಬೇಡ ಅನ್ನಲಿಲ್ಲ. "ಯಾವ ಮೆಶ್ ಸಾರ್? ಅದರ ಎಲಾಂಗೇಷನ್ ಎಷ್ಟು ಅಂತ ಅಂಗಡಿಯಲ್ಲಿ ಕೇಳಿ, ಟೆಸ್ಟ್ ಸರ್ಟಿಫಿಕೇಟ್ ತಗೊಂಡು ಬನ್ನಿ, ಆಮೇಲೆ ಮಾತಾಡೋಣ" ಅಂದರು. ಎಲಾಂಗೇಷನ್ ಅಂದರೆ ಕಂಬಿಯನ್ನು ಎರಡೂ ತುದಿ ಹಿಡಿದು ಎಳೆದಾಗ ಅದು ತುಂಡಾಗುವ ಮೊದಲು ಎಷ್ಟು ಉದ್ದ ಆಗುತ್ತೆ ಅನ್ನೋ ಲೆಕ್ಕ. ಶೇಕಡಾದಲ್ಲಿ ಹೇಳುತ್ತಾರೆ.

ಮಾರನೇ ದಿನ ಸೈಟಿಗೆ ಬಂದಾಗ ಅವರು ವಿವರಿಸಿದ್ದನ್ನು ನನ್ನ ಮಾತಲ್ಲೇ ಹೇಳುತ್ತೇನೆ. ನೆಲದ ಮೇಲೆ ಹಾಕುವ ಕಾಂಕ್ರೀಟಿಗೆ ಭೂಮಿಯೇ ಆಸರೆ. ಅಲ್ಲಿ ಜಾಲರಿಯ ಕೆಲಸ ಬಿರುಕು ಅಗಲ ಆಗದ ಹಾಗೆ ಹಿಡಿಯೋದು. ಒಂದು ತಂತಿ ತುಂಡಾದರೂ ನೆಲ ಎಲ್ಲಿಗೂ ಹೋಗಲ್ಲ. ಮೋಲ್ಡ್ ಹಾಗಲ್ಲ. ಅದು ಬೀಮಿನಿಂದ ಬೀಮಿಗೆ ಗಾಳಿಯಲ್ಲಿ ನಿಂತಿರುತ್ತೆ. ಕಾಂಕ್ರೀಟಿಗೆ ಎಳೆತ ತಡೆಯೋ ತಾಕತ್ತು ತೀರಾ ಕಡಿಮೆ, ಹಾಗಾಗಿ ತಳಭಾಗದಲ್ಲಿ ಬರುವ ಎಳೆತವನ್ನೆಲ್ಲ ಕಂಬಿಯೇ ಹೊರಬೇಕು. ಬೀಮಿನ ಮೇಲೆ ಹಾಯುವ ಕಡೆ ಎಳೆತ ಮೇಲ್ಭಾಗದಲ್ಲಿ ಬರುತ್ತೆ, ಅಲ್ಲಿ ಮೇಲಿನ ಕಂಬಿ.

ಇಲ್ಲಿ ಇನ್ನೊಂದು ವಿಷಯ ಇದೆ. ಯಾವುದೋ ಕಾರಣಕ್ಕೆ ಒಂದು ಕಡೆ ಭಾರ ಮಿತಿ ಮೀರಿತು ಅಂತಿಟ್ಟುಕೊಳ್ಳಿ. ಟ್ಯಾಂಕ್ ಇಟ್ಟರು, ಇಟ್ಟಿಗೆ ರಾಶಿ ಹಾಕಿದರು, ಪಿಲ್ಲರ್ ಸ್ವಲ್ಪ ಕುಸಿಯಿತು, ಏನೋ ಒಂದು. ಕಂಬಿ ಹಿಗ್ಗುವ ಜಾತಿಯದ್ದಾದರೆ ಆ ಜಾಗದಲ್ಲಿ ತಾನು ಹಿಗ್ಗಿ, ಉಳಿದ ಭಾರವನ್ನು ಪಕ್ಕದ ಕಡೆಗೆ ದಾಟಿಸುತ್ತೆ. ಮೋಲ್ಡ್ ಜೋತು ಬೀಳುತ್ತೆ, ಕೆಳಗೆ ಬಿರುಕು ಕಾಣುತ್ತೆ, ಪ್ಲಾಸ್ಟರ್ ಉದುರುತ್ತೆ. ಮನೆಯವರಿಗೆ ಗೊತ್ತಾಗುತ್ತೆ, ಹೊರಗೆ ಬರೋಕೆ ಹೊತ್ತು ಸಿಗುತ್ತೆ. ಹಿಗ್ಗದ ಕಂಬಿಯಾದರೆ ಅದಕ್ಕೆಲ್ಲ ಅವಕಾಶ ಇಲ್ಲ. ಬಿರುಕು ಬಿದ್ದ ಜಾಗದಲ್ಲೇ ಒಂದು ತಂತಿ ತುಂಡಾಗುತ್ತೆ, ಅದರ ಭಾರ ಪಕ್ಕದ್ದಕ್ಕೆ, ಅದೂ ಹೋಗುತ್ತೆ. ಎಷ್ಟು ಗಟ್ಟಿ ಅನ್ನೋದರಲ್ಲಿ ಎರಡೂ ಹೆಚ್ಚು ಕಡಿಮೆ ಒಂದೇ ಇರಬಹುದು. ಕೊನೆಗಳಿಗೆಯಲ್ಲಿ ಮಾತ್ರ ಎರಡರ ನಡವಳಿಕೆ ಬೇರೆ.

ಮಾಮೂಲಿ ಮೆಶ್ಶಿನ ತಂತಿ ಯಾಕೆ ಹಿಗ್ಗಲ್ಲ ಅಂದರೆ ಅದನ್ನು ಮಾಡುವ ರೀತಿಯೇ ಹಾಗೆ. ದಪ್ಪ ತಂತಿಯನ್ನು ಕಾಯಿಸದೆ, ತಣ್ಣಗಿದ್ದಾಗಲೇ ಸಣ್ಣ ತೂತಿನಲ್ಲಿ ಎಳೆದು ಸಪೂರ ಮಾಡುತ್ತಾರೆ. ಎಳೆದಷ್ಟೂ ಗಟ್ಟಿ ಆಗುತ್ತೆ, ಆದರೆ ಮುಂದೆ ಹಿಗ್ಗೋಕೆ ಇದ್ದ ಶಕ್ತಿಯ ದೊಡ್ಡ ಪಾಲು ಅಲ್ಲೇ ಖರ್ಚಾಗಿರುತ್ತೆ. ಮನೆ ಕಟ್ಟೋಕೆ ಮಾಮೂಲಾಗಿ ತರುವ ಟಿಎಂಟಿ ಕಂಬಿಯದ್ದು ಬೇರೆ ದಾರಿ. ಕೆಂಪಗೆ ಕಾದಿರುವಾಗಲೇ ರೋಲ್ ಮಾಡಿ, ಹೊರಮೈಗೆ ಜೋರಾಗಿ ನೀರು ಹಾಯಿಸುತ್ತಾರೆ. ಹೊರಪದರ ಗಟ್ಟಿ ಆಗುತ್ತೆ, ಒಳಗಿನ ತಿರುಳು ಮೆತ್ತಗೆ ಉಳಿಯುತ್ತೆ. ಆ ತಿರುಳಿಂದಲೇ ಅದು ಬಾಗುತ್ತೆ, ಹಿಗ್ಗುತ್ತೆ.

ನನ್ನ ಅಕ್ಕನ ಮಗ ಆಕ್ಲೆಂಡ್‌ನಲ್ಲಿ ಕಟ್ಟಡದ ಕೆಲಸದಲ್ಲೇ ಇದ್ದಾನೆ. ಭಾನುವಾರ ವಿಡಿಯೋ ಕಾಲ್ ಮಾಡಿದಾಗ ಸುಮ್ನೆ ವಿಷಯ ಎತ್ತಿದೆ. ಅವನು ಒಮ್ಮೆಲೇ ಹುರುಪಾದ. "ಮಾಮ, ಇಲ್ಲಿ ಈ ಮೆಶ್ ವಿಷಯದಲ್ಲಿ ದೊಡ್ಡ ಪಾಠವೇ ಆಗಿದೆ" ಅಂತ ಕ್ರೈಸ್ಟ್‌ಚರ್ಚ್ ಕಥೆ ಹೇಳಿದ. 2011ರ ಫೆಬ್ರವರಿ 22ರಂದು ಅಲ್ಲಿ ಭೂಕಂಪ ಆಗಿ 185 ಜನ ತೀರಿಕೊಂಡರು. ಆಮೇಲೆ ಕಟ್ಟಡಗಳನ್ನು ಪರೀಕ್ಷೆ ಮಾಡಿದಾಗ, ರೆಡಿಮೇಡ್ ಕಾಂಕ್ರೀಟ್ ಹಲಗೆಗಳ ಮೇಲೆ ಹಾಕಿದ್ದ ತೆಳು ಕಾಂಕ್ರೀಟಿನೊಳಗೆ ತಣ್ಣಗೆ ಎಳೆದ ತಂತಿಯ ಮೆಶ್ ಬಿರುಕಿನ ಉದ್ದಕ್ಕೂ ತುಂಡಾಗಿದ್ದು ಕಂಡಿತಂತೆ. ಅದೇ ವರ್ಷ ನ್ಯೂಜಿಲೆಂಡಿನವರು ನಿಯಮ ಬದಲಾಯಿಸಿದರು. ಮನೆಯ ನೆಲದ ಕಾಂಕ್ರೀಟಿಗೂ ಡಕ್ಟೈಲ್ ಮೆಶ್, ಅಂದರೆ ಹಿಗ್ಗುವ ಮೆಶ್ಶೇ ಆಗಬೇಕು ಅಂತ ಮಾಡಿದರು.

ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿಗೆ ಕಂಬಿಯ ಸ್ಟ್ಯಾಂಡರ್ಡ್ ಒಂದೇ. ಎಎಸ್/ಎನ್‌ಝಡ್‌ಎಸ್ 4671. ಅದರಲ್ಲಿ ಉಕ್ಕನ್ನು ಹಿಗ್ಗುವ ಲೆಕ್ಕದಲ್ಲಿ ಮೂರು ಕ್ಲಾಸ್ ಮಾಡಿದ್ದಾರೆ. ಎಲ್ ಅಂದರೆ ಕಡಿಮೆ, ಗರಿಷ್ಠ ಭಾರ ಬರುವ ಹೊತ್ತಿಗೆ ಕನಿಷ್ಠ ಶೇಕಡಾ 1.5 ಹಿಗ್ಗಿದರೆ ಸಾಕು. ಎನ್‌ಗೆ ಶೇಕಡಾ 5. ಭೂಕಂಪಕ್ಕೆ ಅಂತಲೇ ಇರುವ ಇ ಕ್ಲಾಸಿಗೆ ಶೇಕಡಾ 10. ಅಲ್ಲಿ ಮಾಮೂಲಿ ಮೆಶ್ ಎಲ್ ಕ್ಲಾಸಿನದು. ಆಸ್ಟ್ರೇಲಿಯಾದಲ್ಲಿ ಗಾಳಿಯಲ್ಲಿ ನಿಲ್ಲುವ ಸ್ಲ್ಯಾಬಿಗೆ ಎಲ್ ಕ್ಲಾಸ್ ಬಳಸಿದರೆ ಅದರ ತಾಕತ್ತನ್ನು ಕಡಿಮೆ ಲೆಕ್ಕ ಹಾಕಬೇಕು, ಒಂದು ಕಡೆಯ ಭಾರ ಇನ್ನೊಂದು ಕಡೆಗೆ ದಾಟುತ್ತೆ ಅಂತ ಲೆಕ್ಕದಲ್ಲಿ ನಂಬುವ ಹಾಗಿಲ್ಲ.

ನಮ್ಮಲ್ಲಿ ಟಿಎಂಟಿ ಕಂಬಿಗೆ ಇರುವ ಸ್ಟ್ಯಾಂಡರ್ಡ್ ಐಎಸ್ 1786. ಅದರಲ್ಲಿ ಗ್ರೇಡುಗಳಿಗೆ ಎಫ್ಇ 500, ಎಫ್ಇ 550 ಅಂತ ಹೆಸರು. ಅಂಗಡಿಯಲ್ಲಿ ಎಲ್ಲರೂ 500, 550 ಅಂತಲೇ ಮಾತಾಡುತ್ತಾರೆ. ಅದು ಯೀಲ್ಡ್ ಆಗುವ ಒತ್ತಡ, ಅಂದರೆ ಎಳೆದು ಬಿಟ್ಟರೆ ವಾಪಸ್ ಬರದ ಹಾಗೆ ಕಂಬಿ ಹಿಗ್ಗೋಕೆ ಶುರು ಮಾಡುವ ಹಂತ. ಆದರೆ ನೋಡಬೇಕಾದ್ದು ಆ ಸಂಖ್ಯೆಯ ಕೊನೆಗೆ ಬರುವ ಡಿ ಅಕ್ಷರ, ಅದು ಹೆಚ್ಚು ಹಿಗ್ಗುವ ಕಂಬಿಯ ಗುರುತು. ಬರೀ ಎಫ್ಇ 500ಕ್ಕೆ ಎಲಾಂಗೇಷನ್ ಕನಿಷ್ಠ ಶೇಕಡಾ 12. ಎಫ್ಇ 500ಡಿಗೆ 16. ಎಫ್ಇ 550ಕ್ಕೆ 10, ಎಫ್ಇ 550ಡಿಗೆ 14.5. ಸಂಖ್ಯೆ ದೊಡ್ಡದಾದ ಹಾಗೆ ಹಿಗ್ಗೋದು ಕಡಿಮೆ ಆಗುತ್ತಾ ಹೋಗುತ್ತೆ, ಗಮನಿಸಿ. "ಐನೂರೈವತ್ತು ಹಾಕಿ ಸಾರ್, ಇನ್ನೂ ಸ್ಟ್ರಾಂಗು" ಅಂತ ಅಂಗಡಿಯವರು ಹೇಳಿದಾಗ ನಾನು ಡಿ ಇದೆಯಾ ಅಂತ ಕೇಳೋಕೆ ಶುರು ಮಾಡಿದ್ದು ಇದಕ್ಕೇ. ಡಿ ಕಂಬಿಯಲ್ಲಿ ಗಂಧಕ, ರಂಜಕ ಕೂಡ ಕಡಿಮೆ ಇರಬೇಕು. ಎಫ್ಇ 500ರಲ್ಲಿ ಕಾರ್ಬನ್ ಶೇಕಡಾ 0.30ರವರೆಗೆ ಬಿಡುತ್ತಾರೆ, 500ಡಿಯಲ್ಲಿ 0.25ರವರೆಗೆ ಮಾತ್ರ.

ಒಂದು ಗೊಂದಲ ಬಿಡಿಸಿಬಿಡುತ್ತೇನೆ, ಯಾಕೆಂದರೆ ನನಗೂ ಅಕ್ಕನ ಮಗನಿಗೂ ಇದರ ಮೇಲೆ ಅರ್ಧ ಗಂಟೆ ವಾದ ಆಯಿತು. ಅವರ 5 ಎಲ್ಲಿ, ನಮ್ಮ 16 ಎಲ್ಲಿ, ನಮ್ಮದೇ ಮೂರು ಪಟ್ಟು ಒಳ್ಳೆಯದಲ್ವಾ ಅಂತ ನಾನು. ಆದರೆ ಎರಡೂ ಬೇರೆ ಅಳತೆ. ನಮ್ಮ 16 ಅನ್ನೋದು ಕಂಬಿ ತುಂಡಾದ ಮೇಲೆ ಎರಡು ತುಂಡನ್ನೂ ಜೋಡಿಸಿ, ತುಂಡಾದ ಜಾಗದ ಸುತ್ತ ಅಳೆದದ್ದು. ಅಲ್ಲಿ ಕಂಬಿ ಸೊಂಟ ಸಣ್ಣ ಮಾಡಿಕೊಂಡು ಜಾಸ್ತಿ ಹಿಗ್ಗಿರುತ್ತೆ. ಅವರ 5 ಅನ್ನೋದು ಆ ಸೊಂಟ ಸಣ್ಣ ಆಗುವ ಮೊದಲು ಕಂಬಿಯ ಉದ್ದಕ್ಕೂ ಸಮವಾಗಿ ಆದ ಹಿಗ್ಗು. ನಮ್ಮ ಡಿ ಕಂಬಿಗೂ ಈ ಎರಡನೇ ಅಳತೆ ಇದೆ, ಅದೂ ಕನಿಷ್ಠ 5. ಅಂದರೆ ನಮ್ಮ 500ಡಿ ಅವರ ಎನ್ ಕ್ಲಾಸಿನ ಜೊತೆ ಕೂರುತ್ತೆ. ಬರೀ ಎಫ್ಇ 500ಕ್ಕೆ ಈ ಎರಡನೇ ಅಳತೆಯ ಕಟ್ಟುಪಾಡೇ ಇಲ್ಲ.

ಇನ್ನು ಮೆಶ್. ತಣ್ಣಗೆ ಎಳೆದ ತಂತಿಯ ಜಾಲರಿಗೆ ನಮ್ಮಲ್ಲಿ ಐಎಸ್ 1566, ಅದರ ತಂತಿಗೆ ಐಎಸ್ 432ರ ಎರಡನೇ ಭಾಗ. ಅದರಲ್ಲಿ ಎಲಾಂಗೇಷನ್ ಶೇಕಡಾ 7.5 ಇದ್ದರೆ ಪಾಸು.

ಇಷ್ಟು ತಲೆಯಲ್ಲಿ ಇಟ್ಟುಕೊಂಡು ಪಿ.ಬಿ. ರಸ್ತೆಯ ಅಂಗಡಿಗಳನ್ನು ಸುತ್ತಿದೆ. ಮೆಶ್ ಎಲ್ಲ ಕಡೆ ಇತ್ತು. ಸರ್ಟಿಫಿಕೇಟ್ ಅಂದ ಕೂಡಲೇ ಮುಖಗಳು ಬದಲಾಗುತ್ತಿದ್ದವು. ಒಬ್ಬರು "ಮೆಶ್ಶಿಗೆ ಯಾರ್ರೀ ಸರ್ಟಿಫಿಕೇಟ್ ಕೇಳ್ತಾರೆ" ಅಂದರು. ಇನ್ನೊಬ್ಬರು ಮೊಬೈಲಿನಲ್ಲಿ ಒಂದು ಪಿಡಿಎಫ್ ತೋರಿಸಿದರು. ಅದು ಎರಡು ವರ್ಷ ಹಳೆಯದು, ಅದರಲ್ಲಿ ಇದ್ದದ್ದು 10 ಎಂಎಂ ಕಂಬಿಯ ಟೆಸ್ಟು! ಮೆಶ್ಶಿಗೂ ಅದಕ್ಕೂ ಸಂಬಂಧವೇ ಇಲ್ಲ. ಒಂದು ಅಂಗಡಿಯ ಯಜಮಾನರು ಮಾತ್ರ ನೇರವಾಗಿ ಹೇಳಿದರು. "ನೋಡ್ರಿ ಸಾರ್, ಇದು ನೆಲಕ್ಕೆ ಹಾಕೋ ಮಾಲು. ಮೋಲ್ಡಿಗೆ ಅಂತ ನಾನು ಕೊಡಂಗಿಲ್ಲ. 500ಡಿ ಕಂಬಿಯಲ್ಲೇ ಬೆಸೆದ ಜಾಲರಿ ಬರ್ತೈತಿ, ಬೇಕಂದ್ರೆ ತರಿಸಬೇಕು." ನಾನು ಕೊನೆಗೆ ಕಂಬಿ ಕೊಂಡದ್ದು ಅವರ ಹತ್ತಿರವೇ.

ಆ 500ಡಿ ಮೆಶ್ ವಿಷಯ ನಿಜ. ದೊಡ್ಡ ಕಟ್ಟಡಗಳಿಗೆ, ಮೆಟ್ರೋ ಕೆಲಸಗಳಿಗೆ ಡ್ರಾಯಿಂಗ್ ಕೊಟ್ಟರೆ ಅದೇ ಅಳತೆಗೆ ಬೆಸೆದು ಕಳಿಸುತ್ತಾರೆ. ಸ್ಲ್ಯಾಬುಗಳು ಒಂದೇ ಅಳತೆಯಲ್ಲಿ ಹತ್ತಾರು ಇದ್ದರೆ ಅದೇ ಒಳ್ಳೆಯದು ಅಂತ ಮೇಡಂ ಕೂಡ ಹೇಳಿದರು. ನಮ್ಮದು ಹಾಲ್ ಒಂದು ಅಳತೆ, ರೂಮು ಇನ್ನೊಂದು, ಮೆಟ್ಟಿಲ ಹತ್ತಿರ ತೂತು, ಬಾತ್‌ರೂಮಿನ ಕಡೆ ತಗ್ಗು. ಒಂದು ಲಾರಿ ತುಂಬದ ಆರ್ಡರಿಗೆ ಸಾಗಾಣಿಕೆ ಹೊರೆ ಬೇರೆ. ಅದು ಅಲ್ಲಿಗೇ ನಿಂತಿತು.

ಈ ನಡುವೆ ಮೇಸ್ತ್ರಿ ಹೇಳಿದ ಉಳಿತಾಯದ ಲೆಕ್ಕವನ್ನು ನಾನೇ ಕೂತು ಹಾಕಿದೆ. ಅವರು ಹೇಳಿದ್ದು 6 ಎಂಎಂ ತಂತಿಯ, 150 ಎಂಎಂ ಚೌಕದ ಮೆಶ್. ಮೇಡಂ ಡ್ರಾಯಿಂಗಿನಲ್ಲಿ ಹಾಲಿಗೆ ಇದ್ದದ್ದು 8 ಎಂಎಂ ಕಂಬಿ, ಎರಡೂ ಕಡೆ 150 ಎಂಎಂಗೆ ಒಂದರಂತೆ. ಹಾಲ್ 12 ಅಡಿಗೆ 16 ಅಡಿ, ಮೋಲ್ಡಿನ ದಪ್ಪ 5 ಇಂಚು. ಒಂದು ಮೀಟರ್ ಅಗಲದ ಪಟ್ಟಿಯಲ್ಲಿ ಎಷ್ಟು ಉಕ್ಕು ಕೂರುತ್ತೆ ನೋಡಿ. 6 ಎಂಎಂ ಮೆಶ್ಶಿನಲ್ಲಿ ಸುಮಾರು 188 ಚದರ ಮಿಲಿಮೀಟರ್. 8 ಎಂಎಂ ಕಂಬಿಯಲ್ಲಿ 335. ತೂಕದಲ್ಲಿ ಹೇಳಬೇಕಂದರೆ ಒಂದು ಚದರ ಮೀಟರಿಗೆ ಮೆಶ್ ಹತ್ತಿರ ಹತ್ತಿರ 3 ಕೆ.ಜಿ., ಕಂಬಿ 5 ಕೆ.ಜಿ. ಮೀರುತ್ತೆ. ಅಗ್ಗ ಆಗಿದ್ದು ಕೂಲಿ ಉಳಿದದ್ದಕ್ಕಿಂತ ಹೆಚ್ಚಾಗಿ ಉಕ್ಕೇ ಕಡಿಮೆ ಇದ್ದದ್ದಕ್ಕೆ. ತಂತಿಯ ಯೀಲ್ಡ್ ಲೆಕ್ಕಕ್ಕೆ ಹಿಡಿಯೋದು 480, ಕಂಬಿಯದ್ದು 500. ಅಂದರೆ ಆ ಕೊರತೆಯನ್ನು ಗಟ್ಟಿತನದಿಂದ ತುಂಬಿಸೋಕೂ ಆಗಲ್ಲ.

188 ಕಾನೂನಿಗೆ ವಿರುದ್ಧ ಅಂತ ಅಲ್ಲ. ಕಾಂಕ್ರೀಟ್ ಕೆಲಸದ ಸ್ಟ್ಯಾಂಡರ್ಡ್ ಐಎಸ್ 456ರ ಪ್ರಕಾರ ಮೋಲ್ಡಿನಲ್ಲಿ ಕನಿಷ್ಠ ಶೇಕಡಾ 0.12 ಉಕ್ಕು ಇರಬೇಕು. 5 ಇಂಚಿನ ಮೋಲ್ಡಿಗೆ ಅದು ಮೀಟರಿಗೆ 150 ಚದರ ಮಿಲಿಮೀಟರ್. ಮೆಶ್ ಆ ಗೆರೆ ದಾಟುತ್ತೆ. ಆದರೆ ಆ ಗೆರೆ ಸೆಕೆಗೆ ಕಾಂಕ್ರೀಟ್ ಹಿಗ್ಗಿ ಕುಗ್ಗಿ ಬಿರುಕು ಬಿಡದಿರಲಿ ಅಂತ ಇರೋದು. 12 ಅಡಿ ಹಾಲಿನ ಭಾರ ಹೊರೋಕೆ ಬೇಕಾದ್ದು ಬೇರೆ ಲೆಕ್ಕ. "ಪಕ್ಕದ ಬೀದಿಯಲ್ಲಿ ಹಾಕ್ಯಾರೆ, ಏನೂ ಆಗಿಲ್ಲ" ಅಂತ ಮೇಸ್ತ್ರಿ ಹೇಳಿದ್ದೂ ಸುಳ್ಳಲ್ಲ. ಮೋಲ್ಡ್ ಮೇಲೆ ದಿನವೂ ಬರುವ ಭಾರ ಲೆಕ್ಕಕ್ಕೆ ಹಿಡಿದ ಭಾರಕ್ಕಿಂತ ಎಷ್ಟೋ ಕಡಿಮೆ. ಹಾಗಾಗಿ ಬಹಳ ದಿನ ಏನೂ ಆಗಲ್ಲ.

ಕಂಬಿಯ ಬಗ್ಗೆ ಓದಿದ್ದನ್ನು ಕಣ್ಣಾರೆ ನೋಡೋಣ ಅನ್ನಿಸಿತು. ಅಂಗಡಿಯವರಿಂದ 8 ಎಂಎಂ 500ಡಿ ಕಂಬಿಯ ತುಂಡು, ಮೆಶ್ಶಿನಿಂದ ಒಂದು ತುಂಡು ಇಸ್ಕೊಂಡು ಊರಿನ ಒಂದು ಇಂಜಿನಿಯರಿಂಗ್ ಕಾಲೇಜಿನ ಲ್ಯಾಬಿಗೆ ಹೋದೆ. ಹೊರಗಿನವರಿಗೂ ಫೀಸ್ ಕಟ್ಟಿಸಿಕೊಂಡು ಮಾಡಿಕೊಡುತ್ತಾರೆ. ಮೆಶ್ ತುಂಡನ್ನು ಕೊಯ್ಯುವಾಗ ಬೆಸುಗೆ ಮಧ್ಯದಲ್ಲಿ ಬರುವ ಹಾಗೆ ಕೊಯ್ಸಿ ಅಂತ ಮೇಡಂ ಹೇಳಿದ್ದರು. ಬೆಸುಗೆ ಬಿಟ್ಟು ಬರೀ ತಂತಿ ಪರೀಕ್ಷೆ ಮಾಡಿದರೆ ಅರ್ಧ ಸತ್ಯ ಮಾತ್ರ ಗೊತ್ತಾಗೋದು.

ಲ್ಯಾಬಿನ ಅಟೆಂಡರ್ ಮೊದಲು ಕಂಬಿಯ ಉದ್ದ ಅಳೆದು, ತೂಕ ಮಾಡಿದರು. ಮೈ ಮೇಲೆ ಉಬ್ಬು ಗೆರೆ ಇರೋದರಿಂದ ಕ್ಯಾಲಿಪರ್ ಇಟ್ಟು ದಪ್ಪ ನೋಡಿದರೆ ಸರಿ ಬರಲ್ಲ, ತೂಕದಿಂದಲೇ ವಿಸ್ತೀರ್ಣ ತೆಗೀಬೇಕು. ಮೀಟರಿಗೆ 0.388 ಕೆ.ಜಿ. ಬಂತು. 8 ಎಂಎಂಗೆ ಇರಬೇಕಾದ್ದು 0.395. ಪರವಾಗಿಲ್ಲ. ಆಮೇಲೆ ಪಂಚ್ ಇಟ್ಟು ಸುತ್ತಿಗೆಯಿಂದ ಟಕ್ ಟಕ್ ಅಂತ ಚುಕ್ಕೆ ಗುರುತು ಹಾಕಿದರು. ಅಳತೆ ಕಂಬಿಯ ದಪ್ಪದ ಐದರಷ್ಟು, ಅಂದರೆ 40 ಎಂಎಂ. ಯುಟಿಎಂ ಅನ್ನೋ ಯಂತ್ರದ ಎರಡು ದವಡೆಗೆ ಕಂಬಿ ಸಿಕ್ಕಿಸಿ ಎಳೆಯೋಕೆ ಬಿಟ್ಟರು. ಅಂಕಿ ಏರುತ್ತಾ ಹೋಯಿತು. 27 ಕಿಲೋನ್ಯೂಟನ್ ಹತ್ತಿರ ಸ್ವಲ್ಪ ತಡವರಿಸಿತು. ಅದೇ ಯೀಲ್ಡು. ಕಂಬಿ ಮೈಮೇಲಿದ್ದ ಕಂದು ಪೊರೆ ಚಕ್ಕೆ ಚಕ್ಕೆಯಾಗಿ ಉದುರೋಕೆ ಶುರುವಾಯಿತು. ನಂತರ ಮತ್ತೆ ನಿಧಾನಕ್ಕೆ ಏರಿ 32 ಮುಟ್ಟಿತು. ಅಲ್ಲಿಂದ ಅಂಕಿ ಇಳಿಯುತ್ತಾ, ಕಂಬಿ ಒಂದು ಕಡೆ ಸಣ್ಣ ಆಗುತ್ತಾ ಬಂತು. ಕೊನೆಗೆ ಢಬ್ ಅಂತ ಒಂದು ಸದ್ದು. ಗೊತ್ತಿದ್ದೂ ನಾನು ಬೆಚ್ಚಿದೆ.

ಎರಡು ತುಂಡನ್ನೂ ಜೋಡಿಸಿ ಹಿಡಿದು ಚುಕ್ಕೆಗಳ ನಡುವೆ ಅಳೆದರು. 40 ಇದ್ದದ್ದು 47.6 ಆಗಿತ್ತು. ಶೇಕಡಾ 19. ತುಂಡಾದ ತುದಿಯನ್ನು ಮುಟ್ಟಿ ನೋಡಿದೆ, ಇನ್ನೂ ಬೆಚ್ಚಗಿತ್ತು.

ಮೆಶ್ ತಂತಿಯದ್ದು ಬೇಗ ಮುಗಿಯಿತು. ಅಂಕಿ ಎಲ್ಲೂ ತಡವರಿಸಲಿಲ್ಲ. ಏರಿದ್ದೇ ಏರಿದ್ದು, ಬೆಸುಗೆಯ ಅಂಚಿನಲ್ಲೇ ಪಟ್ ಅಂತ ಹೋಯಿತು. ತುದಿ ಸಣ್ಣ ಆದದ್ದೇ ಕಾಣಲಿಲ್ಲ. ಗಟ್ಟಿತನದಲ್ಲಿ ಅದು ಟಿಎಂಟಿಗೆ ಹೆಚ್ಚು ಕಡಿಮೆ ಸರಿಸಮ ಇತ್ತು. ಎಲಾಂಗೇಷನ್ ಮಾತ್ರ ಶೇಕಡಾ 8ರ ಆಸುಪಾಸು. ಅದರ ಸ್ಟ್ಯಾಂಡರ್ಡ್ ಪ್ರಕಾರ ಅದು ಪಾಸೇ. ಕಳಪೆ ಮಾಲು ಅಂತ ಯಾರೂ ಹೇಳೋ ಹಾಗಿಲ್ಲ. ಅಟೆಂಡರ್ ಎರಡೂ ಜೊತೆ ತುಂಡುಗಳನ್ನು ಕಾಗದದಲ್ಲಿ ಸುತ್ತಿ ಕೊಟ್ಟರು. ಮೇಸ್ತ್ರಿಗೆ ತೋರಿಸೋಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿರಲಿಲ್ಲ.

ಮೇಸ್ತ್ರಿ ಆ ತುಂಡುಗಳನ್ನು ತಿರುವಿ ತಿರುವಿ ನೋಡಿದರು. "ಇದು ಹಸಿ ಜಾಲಿ ಕಡ್ಡಿ ಇದ್ದಂಗೈತಿ, ಅದು ಒಣಗಿದ ತೊಗರಿ ಕಟ್ಟಿಗೆ" ಅಂದರು. ಆಮೇಲೂ ಸುಲಭಕ್ಕೆ ಬಿಡಲಿಲ್ಲ. "ಆದ್ರೂ ಸಾರ್, ನಮ್ ದಾವಣಗೆರಿಗೆ ಭೂಕಂಪ ಎಲ್ಲಿಂದ ಬರ್ತೈತಿ?" ಅದಕ್ಕೆ ಮೇಡಂ ಕಿಲ್ಲಾರಿ ನೆನಪು ಮಾಡಿದರು. 1993ರ ಸೆಪ್ಟೆಂಬರ್ 30ರ ಲಾತೂರ್ ಭೂಕಂಪ. ಆಗಿನ ಭೂಪಟದಲ್ಲಿ ಆ ಊರು ಎಲ್ಲಕ್ಕಿಂತ ಕಡಿಮೆ ಅಪಾಯದ ಒಂದನೇ ವಲಯದಲ್ಲಿತ್ತು. 2002ರಲ್ಲಿ ಒಂದನೇ ವಲಯವನ್ನೇ ತೆಗೆದು ಎರಡಕ್ಕೆ ಸೇರಿಸಿದರು. ಭೂಕಂಪದ ಸ್ಟ್ಯಾಂಡರ್ಡ್ ಐಎಸ್ 1893ರ 2016ರ ಪುಸ್ತಕದಲ್ಲಿ ದಾವಣಗೆರೆ, ಚಿತ್ರದುರ್ಗ ಎರಡೂ ಆ ಎರಡನೇ ವಲಯದಲ್ಲೇ ಇವೆ. ಹಾಗಂತ ನಮ್ಮ ತೀರ್ಮಾನಕ್ಕೆ ಭೂಕಂಪ ಮುಖ್ಯ ಕಾರಣ ಆಗಿರಲಿಲ್ಲ. ಭೂಕಂಪ ಬರದಿದ್ದರೂ ಮೋಲ್ಡ್ ಬೀಳೋ ಮೊದಲು ಹೇಳಿ ಬೀಳಬೇಕು, ಅಷ್ಟೇ.

ಕೊನೆಗೆ ಮೋಲ್ಡಿಗೆ 8 ಎಂಎಂ 500ಡಿ, ಬಾಲ್ಕನಿಯ ಮೇಲ್ಗಂಬಿಗೆ 10 ಎಂಎಂ 500ಡಿ, ಸೈಟಿನಲ್ಲೇ ಕಟ್ಟೋದು ಅಂತಾಯಿತು. 550ಡಿ ಕೂಡ ಸಿಗುತ್ತಿತ್ತು. ಮೇಡಂ ಲೆಕ್ಕ 500ಕ್ಕೆ ಹಾಕಿದ್ದರು, ಬದಲಾಯಿಸೋಕೆ ಕಾರಣ ಕಾಣಲಿಲ್ಲ.

ಕೊಳ್ಳುವಾಗ ಒಂದು ಕಡೆ ಆದದ್ದನ್ನು ಹೇಳಲೇಬೇಕು. ಒಂದು ಅಂಗಡಿಯಲ್ಲಿ ಪೀಸ್ ಲೆಕ್ಕದಲ್ಲಿ ತಗೊಂಡರೆ ಕಡಿಮೆ ಬೀಳುತ್ತೆ ಅಂದರು. ಒಂದು 8 ಎಂಎಂ ಕಂಬಿ 12 ಮೀಟರ್ ಉದ್ದ ಇದ್ದರೆ 4.74 ಕೆ.ಜಿ. ತೂಗಬೇಕು. ಐಎಸ್ 1786ರಲ್ಲಿ 10 ಎಂಎಂವರೆಗಿನ ಕಂಬಿಗೆ ಶೇಕಡಾ 7ರಷ್ಟು ಹೆಚ್ಚು ಕಡಿಮೆ ಬಿಡುತ್ತಾರೆ. ಅಂದರೆ ಸುಮಾರು 4.4 ಕೆ.ಜಿ.ವರೆಗೆ ಒಪ್ಪಬಹುದು. ಅವರ ತಕ್ಕಡಿಯಲ್ಲೇ ಒಂದು ಕಂಬಿ ಹಾಕಿಸಿದೆ. ನಾಲ್ಕು ಕೆ.ಜಿ. ಮೇಲೆ ಸ್ವಲ್ಪ ಬಂತು. ಅಂದರೆ 8 ಎಂಎಂ ಅನ್ನೋದು ಹೆಸರಿಗೆ ಮಾತ್ರ. ಪೀಸ್ ಲೆಕ್ಕ ಯಾಕೆ ಅಗ್ಗ ಅಂತ ಆಗ ತಿಳಿಯಿತು. ನಿಮಗೆ ಯಾರಾದರೂ ಪೀಸ್ ಲೆಕ್ಕ ಹೇಳಿದರೆ ಒಂದು ಪೀಸ್ ತೂಗಿಸಿ. ದಪ್ಪದ ಎಂಎಂ ಅನ್ನು ಅದರಿಂದಲೇ ಗುಣಿಸಿ 162ರಿಂದ ಭಾಗಿಸಿದರೆ ಮೀಟರಿಗೆ ಎಷ್ಟು ಕೆ.ಜಿ. ಇರಬೇಕು ಅಂತ ಬರುತ್ತೆ. ಮೊಬೈಲಿನಲ್ಲೇ ಹಾಕಬಹುದು.

ನಾನು ತಗೊಂಡ ಅಂಗಡಿಯಲ್ಲಿ ಬಂಡಲ್ಲಿನ ಟ್ಯಾಗ್ ನೋಡಿದೆ. ಅದರಲ್ಲಿ ಐಎಸ್ಐ ಗುರುತು, ಸಿಎಂ/ಎಲ್ ಅಂತ ಶುರುವಾಗುವ ಲೈಸೆನ್ಸ್ ನಂಬರ್, ಗ್ರೇಡ್, ಅಳತೆ, ಯಾವ ಸಲ ಕರಗಿಸಿದ ಉಕ್ಕು ಅಂತ ಹೇಳುವ ಹೀಟ್ ನಂಬರ್ ಇರುತ್ತೆ. ಬಿಐಎಸ್ ಕೇರ್ ಆ್ಯಪಿನಲ್ಲಿ ಲೈಸೆನ್ಸ್ ನಂಬರ್ ಹಾಕಿದರೆ ಅದು ಯಾರದ್ದು, ಚಾಲ್ತಿಯಲ್ಲಿ ಇದೆಯಾ ಅಂತ ಗೊತ್ತಾಗುತ್ತೆ. ಮಿಲ್ ಸರ್ಟಿಫಿಕೇಟಿನ ಹೀಟ್ ನಂಬರ್ ಟ್ಯಾಗಿನದ್ದಕ್ಕೆ ಹೊಂದುತ್ತಾ ನೋಡಿ. ಹೊಂದದಿದ್ದರೆ ಆ ಕಾಗದ ಇದ್ದೂ ಇಲ್ಲದ ಹಾಗೆ. ಗಾಡಿಯನ್ನು ನಾನೇ ಹೇಳಿದ ವೇಬ್ರಿಡ್ಜ್‌ಗೆ ಕಳಿಸಿ ಖಾಲಿ ತೂಕ, ತುಂಬಿದ ತೂಕ ಎರಡೂ ಮಾಡಿಸಿದೆ. ಯಜಮಾನರು ಬೇಜಾರು ಮಾಡಿಕೊಳ್ಳಲಿಲ್ಲ.

ಒಳ್ಳೆ ಕಂಬಿ ತಂದ ಮೇಲೂ ಅದನ್ನು ಕೆಡಿಸೋ ದಾರಿ ಬೇಕಾದಷ್ಟಿವೆ. ಕಂಬಿ ಕಟ್ಟುವ ದಿನ ನಾನು ಸೈಟು ಬಿಟ್ಟು ಕದಲಲಿಲ್ಲ. ಮೊದಲ ಜಗಳ ಲ್ಯಾಪಿಂಗಿನದ್ದು. ಒಂದು ಕಂಬಿ ಮುಗಿದು ಇನ್ನೊಂದು ಸೇರುವ ಕಡೆ ಎಷ್ಟು ಉದ್ದ ಒಂದರ ಮೇಲೊಂದು ಬರಬೇಕು ಅನ್ನೋದು. "ಒಂದು ಅಡಿ ಸಾಕ್ರಿ" ಅಂತ ಹುಡುಗರು. ಎಂ20 ಗ್ರೇಡಿನ ಕಾಂಕ್ರೀಟಿನಲ್ಲಿ 500ರ ಕಂಬಿಗೆ ದಪ್ಪದ 57ರಷ್ಟು ಬೇಕು. 8 ಎಂಎಂಗೆ ಅದು ಸುಮಾರು 455 ಎಂಎಂ, ಅಂದರೆ ಒಂದೂವರೆ ಅಡಿ. ಮೇಡಂ ಒಂದು ಕಂಬಿ ತುಂಡನ್ನು ಒಂದೂವರೆ ಅಡಿಗೆ ಕತ್ತರಿಸಿ ಹುಡುಗರ ಕೈಗೆ ಅಳತೆಗೋಲಾಗಿ ಕೊಟ್ಟರು. ಆಮೇಲೆ ಮಾತೇ ಬರಲಿಲ್ಲ. ಎಲ್ಲ ಲ್ಯಾಪೂ ಒಂದೇ ಸಾಲಿನಲ್ಲಿ ಬರದ ಹಾಗೆ ಆಚೆ ಈಚೆ ಮಾಡಿಸಿದರು.

ಮೇಲ್ಗಂಬಿಯದ್ದು ಇನ್ನೂ ದೊಡ್ಡ ತಲೆನೋವು. ಬೀಮಿನ ಮೇಲೆ ಹಾಯುವ ಕಂಬಿ ಮೇಲ್ಭಾಗದಲ್ಲೇ ನಿಲ್ಲಬೇಕು. ಎಲೆಕ್ಟ್ರಿಷಿಯನ್ ಪೈಪ್ ಎಳೆಯೋಕೆ ಬಂದು ಅದರ ಮೇಲೆಯೇ ಓಡಾಡಿದರು. ಸಂಜೆ ನೋಡಿದರೆ ಅರ್ಧ ಕಂಬಿ ಕೆಳಗಿನ ಕಂಬಿಗೆ ಅಂಟಿಕೊಂಡಿತ್ತು. ಮೋಲ್ಡ್ 5 ಇಂಚು, ಕಂಬಿ 2 ಇಂಚು ಕೆಳಗಿಳಿದರೆ ಅದು ಇದ್ದೂ ಪ್ರಯೋಜನ ಇಲ್ಲ. ಬಾಲ್ಕನಿಯಲ್ಲಂತೂ ಮುಖ್ಯ ಕಂಬಿಯೇ ಮೇಲಿನದ್ದು. ಅದು ತಳಕ್ಕೆ ಇಳಿದರೆ ಯಾವ ಗ್ರೇಡಿನ ಉಕ್ಕೂ ಕಾಪಾಡಲ್ಲ. ಕಂಬಿ ಚೂರುಗಳಲ್ಲೇ ಕುರ್ಚಿ ಮಾಡಿಸಿ ಅಡಿಗೆ ನಿಲ್ಲಿಸಿದೆವು. ಓಡಾಡೋಕೆ ಸೆಂಟ್ರಿಂಗ್ ಹಲಗೆ ಹಾಕಿಸಿದೆವು. ಕೆಳಗಿನ ಕಂಬಿಯನ್ನು ಹಲಗೆಯಿಂದ ಎತ್ತಿ ನಿಲ್ಲಿಸೋಕೆ 20 ಎಂಎಂ ಕವರ್ ಬ್ಲಾಕ್. ಜಲ್ಲಿ ಚೂರು ಇಡೋಕೆ ಬಂದವರನ್ನು ಎರಡು ಸಲ ವಾಪಸ್ ಕಳಿಸಿದೆ.

ಕಾಂಕ್ರೀಟ್ ದಿನದ ಬಗ್ಗೆ ಹೇಳೋಕೆ ಜಾಸ್ತಿ ಇಲ್ಲ. ಬೆಳಿಗ್ಗೆ ಬೇಗ ಶುರು ಮಾಡಿದ್ದರಿಂದ ಬಿಸಿಲು ಏರುವ ಮೊದಲೇ ಮುಕ್ಕಾಲು ಮುಗಿದಿತ್ತು. ವೈಬ್ರೇಟರ್ ಎರಡು ಇಟ್ಟುಕೊಂಡಿದ್ದು ಒಳ್ಳೆಯದಾಯಿತು, ಒಂದು ಮಧ್ಯದಲ್ಲೇ ಕೈ ಕೊಟ್ಟಿತು. ಮಧ್ಯಾಹ್ನ ಎಲ್ಲರಿಗೂ ಮಂಡಕ್ಕಿ, ಮೆಣಸಿನಕಾಯಿ. ನಮ್ಮದು ನಿಧಾನಕ್ಕೆ ಗಟ್ಟಿ ಆಗುವ ಪಿಪಿಸಿ ಸಿಮೆಂಟು, ಮೇಲೆ ದಾವಣಗೆರೆಯ ಬಿಸಿಲು. ಹಾಗಾಗಿ 14 ದಿನ ಕಟ್ಟೆ ಕಟ್ಟಿ ನೀರು ನಿಲ್ಲಿಸಿದೆವು. 4.5 ಮೀಟರ್‌ವರೆಗಿನ ಸ್ಲ್ಯಾಬಿನ ಆಸರೆ 7 ದಿನಕ್ಕೆ ತೆಗೆಯಬಹುದು ಅಂತ ಐಎಸ್ 456 ಹೇಳುತ್ತೆ. ಆದರೆ ಮೇಡಂ ಅದಕ್ಕೂ 14 ದಿನ ಅಂದರು. ಸೆಂಟ್ರಿಂಗ್‌ನವರು ಬೇರೆ ಸೈಟಿಗೆ ಶೀಟ್ ಬೇಕು ಅಂತ ದಿನಾ ಬಂದು ಇಣುಕಿ ಹೋಗುತ್ತಿದ್ದರು.

ಮೆಶ್ ಪೂರ್ತಿ ಬಿಟ್ಟೆವು ಅಂತ ಅಂದುಕೊಳ್ಳಬೇಡಿ. ಕೆಳಗೆ ಪಾರ್ಕಿಂಗ್ ನೆಲಕ್ಕೆ ಅದನ್ನೇ ಹಾಸಿದೆವು. ಅದೇ 6 ಎಂಎಂ, 150ರ ಚೌಕದ್ದು, ಮೋಲ್ಡಿಗೆ ಕೊಡಂಗಿಲ್ಲ ಅಂದ ಅದೇ ಅಂಗಡಿಯದ್ದು. ಕೆಳಗೆ ಗ್ರಾವೆಲ್ ತುಂಬಿ ದಿಮ್ಮಸು ಹೊಡೆಸಿ, 4 ಇಂಚು ಕಾಂಕ್ರೀಟ್. ಇಲ್ಲಿ ಮೇಸ್ತ್ರಿ ಹೇಳಿದ್ದು ಅಕ್ಷರಶಃ ನಿಜವಾಯಿತು, ಹಾಸಿ ಮುಗಿಸೋಕೆ ಅರ್ಧ ದಿನವೂ ಬೇಕಾಗಲಿಲ್ಲ. ಒಂದು ವಿಷಯಕ್ಕೆ ಮಾತ್ರ ನಿಂತು ನೋಡಬೇಕಾಯಿತು. ಜಾಲರಿಯನ್ನು ಮಣ್ಣಿನ ಮೇಲೆ ಹಾಸಿ, ಕಾಂಕ್ರೀಟ್ ಸುರಿದ ಮೇಲೆ ಕೊಕ್ಕೆ ಹಾಕಿ ಎತ್ತುತ್ತೇವೆ ಅನ್ನುತ್ತಾರೆ. ಹಾಗೆ ಎತ್ತಿದ್ದು ಮತ್ತೆ ಕಾಲ ಕೆಳಗೆ ಹೋಗಿ ತಳ ಸೇರುತ್ತೆ. ಅದಕ್ಕೂ ಬ್ಲಾಕ್ ಇಡಿಸಿ, ದಪ್ಪದ ಮೇಲಿನ ಅರ್ಧದಲ್ಲಿ ನಿಲ್ಲಿಸಿದೆವು. ಮಾರನೇ ದಿನ ಕಟರ್ ತಂದು ಅಡ್ಡ ಗೆರೆ ಕೊಯ್ಸಿದೆವು, ಬಿರುಕು ಬಿಟ್ಟರೆ ಆ ಗೆರೆಯಲ್ಲೇ ಬಿಡಲಿ ಅಂತ.